ಬಾಗಿಲ ಹಿಂದಿನ ಕಿಟಕಿ

ನಮ್ಮ ಮನೆಯಲ್ಲಿ ಒಂದು ಕಾನೂನಿದೆ. ಸರ್ಕಾರದ್ದಲ್ಲ, ನಮ್ಮ ಮಾವ ಸದಾಶಿವಪ್ಪನವರದ್ದು. ನಮ್ಮ ಬಸ್ಸಿನಲ್ಲಿ ನಮ್ಮ ಮನೆಯವರು ಸೀಟಿನಲ್ಲಿ ಕೂರುವಂತಿಲ್ಲ. ಟಿಕೆಟ್ ತಗೊಂಡವರದ್ದು ಸೀಟು, ಮನೆಯವರದ್ದು ಬಾನೆಟ್ಟು. ಬಾನೆಟ್ಟು ಅಂದರೆ ಡ್ರೈವರ್ ಪಕ್ಕದಲ್ಲಿ, ಎಂಜಿನ್ ಮೇಲಿರುವ ಆ ದಪ್ಪ ಮುಚ್ಚಳ. ಬೇಸಿಗೆಯಲ್ಲಿ ಅದರ ಮೇಲೆ ಕೂತರೆ ರೊಟ್ಟಿ ಹಂಚಿನ ಮೇಲೆ ಕೂತ ಹಾಗೆ. ನಾನು ಹೊನ್ನಾಳಿಯಿಂದ ಮದುವೆಯಾಗಿ ಶಿಕಾರಿಪುರಕ್ಕೆ ಬಂದ ವಾರದಲ್ಲೇ ರೇಷ್ಮೆ ಸೀರೆ ಉಟ್ಟುಕೊಂಡು, ಖಾಲಿ ಸೀಟುಗಳನ್ನು ಆಸೆಯಿಂದ ನೋಡುತ್ತಾ ಅಲ್ಲಿ ಕೂತಿದ್ದೆ.

"ಸೀಟು ಖಾಲಿ ಐತಲ್ಲ ಮಾವ" ಅಂದಿದ್ದಕ್ಕೆ, "ಮುಂದಿನ ಸ್ಟಾಪಲ್ಲಿ ಹತ್ತುತಾರಮ್ಮ ಸೌಂದರ್ಯ" ಅಂದಿದ್ದರು. ಮುಂದಿನ ಸ್ಟಾಪಿನಲ್ಲಿ ಯಾರೂ ಹತ್ತಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.

ಇರುವುದು ಒಂದೇ ಬಸ್ಸು. ಬೆಳಿಗ್ಗೆ ಶಿಕಾರಿಪುರ ಬಿಟ್ಟರೆ ಶಿರಾಳಕೊಪ್ಪ, ಸೊರಬ, ಉಳವಿ. ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಮಾವನೇ ಡ್ರೈವರು, ನಮ್ಮ ಯಜಮಾನರು ಮಹಾಂತೇಶ್ ಕಂಡಕ್ಟರು. ಮೈದುನ ಗುರುಪ್ರಕಾಶ್ ಮಾತ್ರ ಬಸ್ಸಿನ ಸಹವಾಸ ಬೇಡ ಅಂತ ಹೈಸ್ಕೂಲ್ ಮೇಷ್ಟ್ರಾಗಿದ್ದಾನೆ. ಅತ್ತೆ ಜಗದಾಂಬ ಹುಟ್ಟಿದ್ದು ಉಳವಿಯಲ್ಲಿ. ತಾಯಿ ಇಲ್ಲದ ಅವರನ್ನು ಸಾಕಿದ್ದು ಅಕ್ಕ ತಾಯಮ್ಮ. ಅಕ್ಕನಿಗೆ ಈಗ ಎಂಬತ್ತರ ಹತ್ತಿರ. ಕಣ್ಣು ಮಬ್ಬು, ನೆನಪು ಇನ್ನೂ ಮಬ್ಬು. ಅತ್ತೆ ಇಷ್ಟು ವರ್ಷವೂ ಅಕ್ಕನನ್ನು ನೋಡಲು ಹೋಗಿದ್ದು ಬಾನೆಟ್ಟಿನ ಮೇಲೆ, ದಾರಿಗೆ ಬೆನ್ನು ಹಾಕಿಕೊಂಡು. ಯಾವ ಊರು ಬಂತು ಅಂತ ಅವರಿಗೆ ಗೊತ್ತಾಗುತ್ತಿದ್ದುದು ಹತ್ತಿದವರ ಮುಖ ನೋಡಿ.

ಕೊರೊನಾ ಎರಡನೇ ಸಲ ಬಂದು ಎಲ್ಲ ಬಂದಾದಾಗ ಬಸ್ಸು ನಮ್ಮ ಹಿತ್ತಲಿನ ಹೊಂಗೆಮರದ ಕೆಳಗೆ ಬಂದು ನಿಂತಿತು. ಮರ ಹೂ ಬಿಟ್ಟಿತ್ತು. ದಿನಕ್ಕಿಷ್ಟು ಉದುರಿ ಬಸ್ಸಿನ ತಲೆಯೆಲ್ಲ ಬಿಳಿಯಾಯಿತು. ಪಕ್ಕದ ಮನೆಯ ಕೋಳಿ ಹಿಂದಿನ ಸೀಟಿನಡಿ ಮೊಟ್ಟೆ ಇಟ್ಟು ಹೋಗತೊಡಗಿತು. ನಮ್ಮ ಯಜಮಾನರು ಅದನ್ನು ಓಡಿಸಲು ಹೋದರೆ ಮಾವ, "ಬಿಡೋ, ಅದೊಂದಾದ್ರೂ ಹತ್ತಿ ಇಳೀತೈತಲ್ಲ" ಅಂದರು. ನಕ್ಕೆವು. ಆದರೆ ಮಾವ ನಗಲಿಲ್ಲ.

ಬಸ್ಸು ನಿಲ್ಲಿಸಿದರೂ ಬ್ಯಾಟರಿ ಇಳಿಯಬಾರದಲ್ಲ. ಅದಕ್ಕೆ ಮಾವ ದಿನವೂ ಮಧ್ಯಾಹ್ನ ಊಟವಾದ ಮೇಲೆ ಹೋಗಿ ಎಂಜಿನ್ ಚಾಲೂ ಮಾಡಿ, ಸ್ವಲ್ಪ ಹೊತ್ತು ಓಡಲು ಬಿಟ್ಟು, ಸ್ಟೇರಿಂಗ್ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಕೂರುತ್ತಿದ್ದರು. ಮೊದಲ ದಿನ ಸದ್ದು ಕೇಳಿ ಬಸ್ ಸ್ಟ್ಯಾಂಡಿನ ಹೋಟೆಲಿನ ಉಚ್ಚಂಗಪ್ಪ ಲುಂಗಿ ಎತ್ತಿಕಟ್ಟಿಕೊಂಡು ಓಡಿಬಂದ.

"ಬಿಟ್ರಂತಾ ಸದಾಶಿವಣ್ಣ? ಲಾಕ್‌ಡೌನ್ ತೆಗುದ್ರಾ?"

"ಇಲ್ಲಪ್ಪ. ಬ್ಯಾಟ್ರಿ."

"ಥೂ ನಿಮ್ಮ! ನಾನು ಹಾಲಿಗೆ ಹೇಳಿಬಿಡ್ತಿದ್ನಲ್ಲ" ಅಂತ ಬೈದುಕೊಂಡು ವಾಪಸ್ಸು ಹೋದ.

ಒಂದು ದಿನ ಅತ್ತೆ ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ನಿಂತಿದ್ದ ಬಸ್ಸನ್ನು ಹತ್ತಿದರು. ನಾನು ಹಿತ್ತಲ ಬಾಗಿಲಿನಿಂದ ನೋಡುತ್ತಿದ್ದೆ. ಬಾನೆಟ್ಟಿನ ಕಡೆ ಹೋಗಲಿಲ್ಲ. ಬಾಗಿಲ ಹಿಂದಿನ ಸೀಟಿನಲ್ಲಿ, ಕಿಟಕಿ ಪಕ್ಕ ಕೂತರು. ಮಾವ ಕನ್ನಡಿಯಲ್ಲಿ ನೋಡಿದರು, ಅಷ್ಟೇ. ಓಡದ ಬಸ್ಸಿಗೆ ಯಾವ ಕಾನೂನು?

ಎಂಜಿನ್ ಗುರ್ ಅನ್ನುತ್ತಿತ್ತು. ಸೀಟು, ಕಿಟಕಿ, ಅತ್ತೆಯ ಬಳೆ ಎಲ್ಲ ಸಣ್ಣಗೆ ನಡುಗುತ್ತಿದ್ದವು. ಎಲೆಗಳ ನೆರಳು ಕಿಟಕಿಯ ಮೇಲೆ ಅಲ್ಲಾಡುವುದನ್ನು ನೋಡಿದರೆ ಮರಗಳೇ ಹಿಂದಕ್ಕೆ ಓಡುತ್ತಿವೆಯೇನೋ ಅನ್ನಿಸುತ್ತಿತ್ತು. ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ಆಗಲೇ ಫೋನು ಬಂತು, ಉಳವಿಯಿಂದ. ನಾನೇ ಒಯ್ದು ಕೊಟ್ಟೆ. ಅಕ್ಕನಿಗೆ ಕಿವಿ ಮಂದ, ಅತ್ತೆ ಸ್ಪೀಕರ್ ಹಾಕಿಕೊಂಡು ಕೂಗಿಯೇ ಮಾತಾಡಬೇಕು.

"ಜಗ್ಗಿ, ಉಂಡ್ಯನೇ?"

"ಹೂಂ ಅಕ್ಕ."

"ಎಂತದೇ ಅದು ಸದ್ದು?"

"ಬಸ್ಸು ಅಕ್ಕ."

"ಬಸ್ಸೇ? ಬರ್ತಾ ಇದ್ಯಾ? ನಮ್ಮನಿಗಾ?"

ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಅತ್ತೆ ಕಿಟಕಿಯಾಚೆ ನೋಡಿದರು. ಅವರ ಮುಖದಲ್ಲಿ ಅರ್ಧ ನಿದ್ದೆ, ಅರ್ಧ ನಗು. "ಹೂಂ ಅಕ್ಕ, ಬರ್ತಾ ಇದೀನಿ. ಬಾಗಿಲ ಹಿಂದಿನ ಕಿಟಕೀಲಿ ಕೂತೀನಿ. ಗಾಳಿ ಬರ್ತಾ ಐತೆ" ಅಂದರು.

"ಕಿಟಕೀಲೇ? ನಿನ್ನ ಗಂಡ ಕೂರಾಕೆ ಬಿಟ್ನನೇ!" ಅಂತ ಅಕ್ಕ ಎಷ್ಟು ನಕ್ಕರೆಂದರೆ ಅವರಿಗೆ ಕೆಮ್ಮು ಬಂತು. ಡ್ರೈವರ್ ಸೀಟಿನಲ್ಲಿ ಮಾವ ತಲೆ ತಗ್ಗಿಸಿ ಸುಮ್ಮನೆ ಗೇರು ಮುಟ್ಟಿಕೊಂಡರು.

ಅವತ್ತಿನಿಂದ ಇದು ದಿನದ ಕೆಲಸವಾಯಿತು. ಅಕ್ಕನಿಗೆ ನಿನ್ನೆಯದು ಅರ್ಧ ನೆನಪು, ಅರ್ಧ ಇಲ್ಲ. "ಎಲ್ಲಿಗ್ ಬಂದ್ಯೇ?" ಅಂತ ಕೇಳುವುದು ಮಾತ್ರ ಮರೆಯುತ್ತಿರಲಿಲ್ಲ. ಅತ್ತೆ ಒಂದು ದಿನ ಬಳ್ಳಿಗಾವಿ ಕ್ರಾಸ್ ಅಂದರು. ಇನ್ನೊಂದು ದಿನ, ಶಿರಾಳಕೊಪ್ಪ ಸಂತೆಯಲ್ಲಿ ಜನ ಹತ್ತುತಾ ಇದಾರೆ, ಒಬ್ಬಳು ಮೂರು ಕುಂಬಳಕಾಯಿ ಹೊತ್ತುಕೊಂಡು ಬಂದಳು ಅಂದರು. ಕುಂಬಳಕಾಯಿ ಎಲ್ಲಿಂದ ಬಂತೋ ಶಿವನೇ ಬಲ್ಲ. ಸಂತೆಯೇ ಇಲ್ಲದ ಕಾಲ ಅದು. ಆದರೆ ಅವರ ಮಾತು ಕೇಳುತ್ತಾ ನಾನೂ ಸೊಪ್ಪು ಬಿಡಿಸುವ ಬುಟ್ಟಿ ತೆಗೆದುಕೊಂಡು ಬಸ್ಸು ಹತ್ತಿ ಕೂರತೊಡಗಿದೆ. ನಮ್ಮ ಯಜಮಾನರು ಬಾಗಿಲಲ್ಲಿ ನಿಂತು "ಸೊರಬ, ಸೊರಬ" ಅಂತ ಮೆಲ್ಲಗೆ ಕೂಗಿ ಸೀಟಿ ಊದುತ್ತಿದ್ದರು. ಊರೆಲ್ಲ ಬಾಗಿಲು ಹಾಕಿಕೊಂಡು ಹೆದರಿ ಕೂತಿದ್ದ ಆ ಮಧ್ಯಾಹ್ನಗಳಲ್ಲಿ, ಹೂ ಉದುರುವ ಮರದ ಕೆಳಗೆ ನಾವು ನಾಲ್ಕು ಜನ ಒಂದಿಂಚೂ ಕದಲದೆ ಉಳವಿಗೆ ಹೋಗುತ್ತಿದ್ದೆವು. ಸುಳ್ಳೇ ಇರಬಹುದು. ನನಗಂತೂ ದಂಡಾವತಿ ಹೊಳೆಯ ತಂಪು ಕಾಲಿಗೆ ತಾಗಿದ ಹಾಗೆ ಆಗುತ್ತಿತ್ತು.

ಆದರೆ ಸೊರಬ ದಾಟಿದರೆ ಉಳವಿ ಬಂದುಬಿಡುತ್ತದಲ್ಲ. ಅದಕ್ಕೆ ಅತ್ತೆ ಬಸ್ಸನ್ನು ಸೊರಬದಲ್ಲೇ ನಿಲ್ಲಿಸಿದರು.

"ಎಲ್ಲಿಗ್ ಬಂದ್ಯೇ?"

"ಸೊರಬದಲ್ಲಿ ನಿಂತೈತೆ ಅಕ್ಕ. ಇನ್ನೂ ಬಿಟ್ಟಿಲ್ಲ."

"ಹಾಳು ಬಸ್ಸು. ಬೇಗ ಬಿಡಾಕ್ ಹೇಳೇ."

ಗುರುಪ್ರಕಾಶನಿಗೆ ಈ ಆಟ ಹಿಡಿಸಲಿಲ್ಲ. ಅವನನ್ನು ಸರ್ವೆ ಡ್ಯೂಟಿಗೆ ಹಾಕಿದ್ದರು. ದಿನವೂ ಮನೆಮನೆಗೆ ಹೋಗಿ ಜ್ವರ ಇದೆಯಾ, ಕೆಮ್ಮು ಇದೆಯಾ ಅಂತ ಕೇಳಿ ಬರುವುದು. ನಮಗೆ ಅಂಟಬಾರದೆಂದು ತನ್ನ ತಟ್ಟೆ ಬೇರೆ ಮಾಡಿಕೊಂಡು ಹೊರಗಿನ ಜಗಲಿಯಲ್ಲೇ ಉಣ್ಣುತ್ತಿದ್ದ. ನಾವು ಒಳಗೆ, ಅವನು ಹೊರಗೆ, ನಡುವೆ ಕಿಟಕಿ. ಜಗಳಕ್ಕೆ ಅದೇನೂ ಅಡ್ಡಿಯಾಗಲಿಲ್ಲ. ಟಿವಿಯಲ್ಲಿ ಲಾಕ್‌ಡೌನ್ ತೆಗೆಯಬೇಕೋ ಬೇಡವೋ ಅಂತ ನಾಲ್ಕು ಜನ ಕೂಗಾಡುತ್ತಿದ್ದರೆ ನಮ್ಮ ಮನೆಯಲ್ಲಿ ಅದಕ್ಕಿಂತ ಜೋರು.

"ಅಣ್ಣ, ಈಗ ತೆಗುದ್ರೆ ಸತ್ತೋಗ್ತೀವಿ" ಅಂತ ಹೊರಗಿನಿಂದ ಅವನು.

"ತೆಗೀದಿದ್ರೂ ಅದೇ ಆಗೋದು ಕಣೋ. ಒಳಗೆ ಕೂತು ಎಷ್ಟ್ ದಿನ ಮೆಕ್ಕೆಜೋಳ ತಿಂತೀಯ?" ಅಂತ ಒಳಗಿನಿಂದ ನಮ್ಮ ಯಜಮಾನರು.

"ನಿಂಗೆ ಸಂಬಳ ಬರ್ತೈತಪ್ಪ ಗುರು" ಅಂತ ಕಾಂಪೌಂಡಿನಾಚೆಯಿಂದ ಉಚ್ಚಂಗಪ್ಪನೂ ಸೇರಿಕೊಂಡ. "ನನ್ ಒಲೆ ಹಚ್ಚಿ ತಿಂಗಳಾತು. ಪಾರ್ಸಲ್ ಕೊಡ್ರಿ ಅಂತಾರೆ. ಪಾರ್ಸಲ್ ತಗಂಡ್ ಹೋಗಾಕೆ ರೋಡಲ್ಲಿ ಯಾರವ್ರೆ, ನಾಯಿಗಳಾ?"

ಗುರುಪ್ರಕಾಶ ತಟ್ಟೆ ಕೆಳಗಿಟ್ಟ. "ಉಚ್ಚಂಗಪ್ಪಣ್ಣ, ನಾನು ಹೋಗಿಬಂದ ಮನೆಗಳನ್ನ ನೀನು ನೋಡಿಲ್ಲ. ನಿನ್ನೆ ಒಂದು ಮನೇಲಿ ನನ್ ಸ್ಟೂಡೆಂಟೇ ಬಾಗಿಲು ತೆಗುದ. ಮನೇಲಿ ಎಷ್ಟು ಜನ ಅಂತ ಕೇಳಿದ್ರೆ, ಐದು ಅಂದೋನು, ಅಲ್ಲ ಸಾರ್ ನಾಲ್ಕು ಅಂದ. ನಾನೇನ್ ಬರ್ಕೊಳ್ಳಲಿ ಹೇಳು?"

ಉಚ್ಚಂಗಪ್ಪ ಮೆಲ್ಲಗೆ ಸರಿದುಹೋದ. ಅತ್ತೆ ಕಿಟಕಿಯ ಹತ್ತಿರ ಹೋಗಿ, "ಇನ್ನೊಂದ್ ರೊಟ್ಟಿ ಹಾಕ್ಲೇನೋ?" ಅಂದರು. ಅವನು ಬೇಡ ಅಂದರೂ ಹಾಕಿಸಿಕೊಂಡು ತಿಂದ.

ಆಮೇಲೆ ಬಂದದ್ದು ಯತೀಶನ ಫೋನು. ಯತೀಶ ತಾಯಮ್ಮನವರ ಮಗ, ಉಳವಿಯಲ್ಲಿ ಗದ್ದೆ ಮಾಡಿಕೊಂಡಿದ್ದಾನೆ, ಮಾತು ಮೃದು. ಅವತ್ತು ಮೃದುವಾಗಿರಲಿಲ್ಲ.

"ಚಿಕ್ಕಮ್ಮ, ಅಮ್ಮಂಗೆ ಎಂತ ಹೇಳಿದೀರಿ ನೀವು? ನಾನು ಗದ್ದೆಗೆ ಹೋದ್ಮೇಲೆ ದಿನಾ ಬಸ್ ಸ್ಟಾಪಲ್ಲಿ ಹೋಗಿ ಕೂರ್ತಾ ಇದ್ಳಂತೆ. ಪೊಲೀಸರು ಬಂದು ಬೈದು ಮನೆಗೆ ಬಿಟ್ಟು ಹೋದ್ರು. ನಂಗೆ ಗೊತ್ತಾಗಿದ್ದೇ ಆಗ."

ಅತ್ತೆಯ ಕೈ ಗಲ್ಲಕ್ಕೆ ಹೋಯಿತು.

"ಅಷ್ಟೇ ಆಗಿದ್ರೆ ಸುಮ್ನಿರ್ತಿದ್ದೆ. ಮೊನ್ನೆ ಆಸ್ಪತ್ರೆ ಸ್ಟಾಫ್ ಕರ್ಕೊಂಡು ಒಂದು ಬಸ್ಸು ಆ ದಾರೀಲಿ ಹೋಗ್ಯದೆ. ನಿಲ್ಲಿಸ್ಲಿಲ್ಲ. ಅದ್ರಲ್ಲಿ ನೀವಿದ್ರಿ ಅಂತಾಳೆ. ಕಿಟಕೀಲಿ ಕೂತಿದ್ಲು, ನನ್ನ ನೋಡಿದ್ಲು, ಇಳೀದೆ ಹೋದ್ಲು ಅಂತಾಳೆ. ಅವತ್ತಿಂದ ಸರಿಯಾಗಿ ಉಣ್ತಾ ಇಲ್ಲ. ಗಂಜಿ ಕೊಟ್ರೆ ಎರಡು ಗುಟುಕು, ಗೋಡೆ ಕಡೆ ತಿರುಗಿ ಮಲಗ್ತಾಳೆ."

"ಫೋನ್ ಕೊಡೋ ಅವಳಿಗೆ."

ಯತೀಶ ಕೊಟ್ಟ. ಆ ಕಡೆಯಿಂದ ಉಸಿರು ಕೇಳಿಸಿತು, ಅಷ್ಟೇ. "ಅಕ್ಕ, ನಾನು ಜಗ್ಗಿ. ಅದು ನಮ್ಮ ಬಸ್ಸಲ್ಲ ಅಕ್ಕ" ಅಂತ ಅತ್ತೆ ಕೂಗಿ ಕೂಗಿ ಹೇಳಿದರು. ಕೊನೆಗೆ ಅಕ್ಕನ ದನಿ ಬಂತು, ಯತೀಶನಿಗೆ ಹೇಳಿದ್ದು: "ಯಾರೋ ಏನೋ. ನನ್ ತಂಗಿ ನಮ್ಮೂರು ದಾಟಿ ಹೋದ್ಲು."

ಅತ್ತೆ ಅವತ್ತು ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕೂತು ಅತ್ತುಬಿಟ್ಟರು. ತಾಯಿ ಇಲ್ಲದ ಮಗುವನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಈಗ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಳೆ.

ನಮ್ಮ ಯಜಮಾನರು ಬೈಕಿನಲ್ಲಿ ಕರೆದುಕೊಂಡು ಹೋಗುತ್ತೇನೆ, ಪಾಸ್ ಮಾಡಿಸುತ್ತೇನೆ ಅಂದರು. ಯತೀಶ ಅದನ್ನೂ ಅಕ್ಕನಿಗೆ ಹೇಳಿ ನೋಡಿದ. "ಬಸ್ಸಲ್ಲಿ ಹೋದವಳು ಬೈಕಲ್ಲಿ ಹ್ಯಾಂಗೆ ಬರ್ತಾಳೋ? ಯಾರನ್ನಾರೂ ತಂದು ನಿಲ್ಲಿಸಬೇಡ" ಅಂದರಂತೆ. ಅತ್ತೆ ಕಣ್ಣೊರೆಸಿಕೊಂಡು ಒಂದೇ ಮಾತು ಹೇಳಿದರು. "ಬಸ್ಸಲ್ಲೇ ಹೋಗ್ಬೇಕು. ಉಳವಿ ಸ್ಟಾಪಲ್ಲೇ ಇಳೀಬೇಕು. ಅವಳ ಕಣ್ಣೆದುರಿಗೇ."

ಆ ಹೊತ್ತಿಗೆ ಸುದ್ದಿ ಬರತೊಡಗಿತ್ತು. ಕೆಲವು ಜಿಲ್ಲೆಗೆ ಸಡಿಲಿಕೆ, ಕೆಲವಕ್ಕಿಲ್ಲ. ನಮ್ಮ ಜಿಲ್ಲೆಯ ಹೆಸರು ಬಂತೇನೋ ಅಂತ ಅತ್ತೆ ಸಂಜೆ ಸಂಜೆ ಟಿವಿ ಮುಂದೆ ಕೂರುತ್ತಿದ್ದರು, ಹರಿವಾಣದಲ್ಲಿ ಹಿಟ್ಟು ಕಲಸುವುದನ್ನೂ ಅಲ್ಲೇ ಮಾಡುತ್ತಿದ್ದರು. ಹೆಸರು ಬಾರದ ದಿನ ಹಿಟ್ಟಿಗೆ ಒದೆ ಬೀಳುತ್ತಿತ್ತು. ಕೊನೆಗೆ ಒಂದು ಸಂಜೆ ಬಂತು. ಬಸ್ಸು ಬಿಡಬಹುದು. ಆದರೆ ಅರ್ಧ ಸೀಟು ಮಾತ್ರ, ನಿಲ್ಲುವಂತಿಲ್ಲ.

ಅತ್ತೆ ಹಿಟ್ಟಿನ ಕೈಯಲ್ಲೇ ಎದ್ದರು. "ರೀ, ಕೇಳಿದ್ರಾ?"

ಮಾವ ಟಿವಿಯಿಂದ ಮುಖ ತಿರುಗಿಸಿದರು. "ಕೇಳ್ದೆ. ಅರ್ಧ ಬಸ್ಸು ಓಡ್ಸಾಕೆ ನಾನೇನು ಅರ್ಧ ಮನುಷ್ಯನಾ? ಸ್ಟಾಪಲ್ಲಿ ಜನ ಕೈ ಮಾಡ್ತಿದ್ರೆ ಸೀಟು ಖಾಲಿ ಇಟ್ಕಂಡು ಹೆಂಗೆ ಮುಂದೆ ಹೋಗ್ಲಿ? ಪೂರ್ತಿ ಬಿಟ್ಟ ದಿನ ತೆಗೀತೀನಿ ಬಸ್ಸು. ಅಲ್ಲೀವರೆಗೂ ಇಲ್ಲ."

"ಸರಿ ಅಪ್ಪಾಜಿ" ಅಂತ ಜಗಲಿಯಿಂದ ಗುರುಪ್ರಕಾಶ. ಹುಟ್ಟಿದ ಮೇಲೆ ಮೊದಲ ಸಲ ಅಪ್ಪನ ಮಾತಿಗೆ ಹೂಂ ಅಂದಿದ್ದ. "ಇಷ್ಟು ಬೇಗ ಬಿಡೋದೇ ತಪ್ಪು. ಅವ್ವಂಗೆ ಇನ್ನೂ ಎರಡನೇ ಡೋಸ್ ಆಗಿಲ್ಲ. ಬಸ್ಸಲ್ಲಿ ಕೂರಿಸಿ ಕಳಿಸ್ತೀರಾ?"

"ಅರ್ಧ ಆದ್ರೆ ಅರ್ಧ. ಓಡ್ಸೋಣ ಅಪ್ಪಾಜಿ" ಅಂದರು ನಮ್ಮ ಯಜಮಾನರು.

"ನಿನ್ನ ಯಾರ್ ಕೇಳಿದ್ರು?" ಅಂದರು ಮಾವ.

ಅತ್ತೆ ಮತ್ತೆ ಹಿಟ್ಟಿನ ಹರಿವಾಣದ ಮುಂದೆ ಕೂತರು. ಮರುದಿನ ಬೆಳಿಗ್ಗೆ ಮಾವನ ಮುಂದೆ ಅರ್ಧ ಲೋಟ ಚಹ ಬಂತು. ಮಾವ ನೋಡಿದರು, ಹಾಲು ಕಡಿಮೆ ಇರಬೇಕು ಅಂದುಕೊಂಡು ಕುಡಿದರು. ಊಟಕ್ಕೆ ಅರ್ಧ ರೊಟ್ಟಿ ಬಂತು. ಕತ್ತರಿಸಿದ ಹಾಗೆ ನೆಟ್ಟಗೆ ಅರ್ಧ. ಪಕ್ಕದಲ್ಲಿ ಅರ್ಧ ಬದನೆಕಾಯಿ ಎಣ್ಣೆಗಾಯಿ.

"ಇನ್ನರ್ಧ ಎಲ್ಲೇ?"

"ನಿಮಗೆ ಅರ್ಧ ಆಗಾಕಿಲ್ಲ ಅಲ್ವಾ? ಹಂಗಾರೆ ಬಿಡ್ರಿ. ಪೂರ್ತಿ ರೊಟ್ಟಿ ಮಾಡೋ ದಿನ ಉಣ್ಣೀರಂತೆ" ಅಂತ ಅತ್ತೆ ತಟ್ಟೆಗೇ ಕೈ ಹಾಕಿದರು.

ಮಾವ ತಟ್ಟೆ ಗಟ್ಟಿಯಾಗಿ ಹಿಡಿದುಕೊಂಡರು. ನಮ್ಮ ಯಜಮಾನರಿಗೆ ತುತ್ತು ನೆತ್ತಿಗೆ ಹತ್ತಿತು. ನಾನು ನಗು ತಡೆಯಲಾರದೆ ಒಲೆಯ ಕಡೆ ತಿರುಗಿದೆ. ನಾಲ್ಕು ದಿನ ಹೀಗೇ ನಡೆಯಿತು. ಅರ್ಧ ಮುದ್ದೆ, ಅರ್ಧ ಬಾಳೆಹಣ್ಣು, ಸ್ನಾನಕ್ಕೆ ಅರ್ಧ ಬಕೆಟ್ ಬಿಸಿನೀರು. ಐದನೇ ದಿನ ಮಾವ ಅರ್ಧ ರೊಟ್ಟಿಯನ್ನು ಮುಂದಿಟ್ಟುಕೊಂಡು ಬಹಳ ಹೊತ್ತು ಕೂತರು.

"ಅಲ್ಲೇ, ಅರ್ಧ ಹೊಟ್ಟೇಲಿ ಇರಾಕಾಯ್ತೈತೇನೇ?"

"ಅವಳು ಅದೂ ಉಣ್ತಾ ಇಲ್ಲ ರೀ" ಅಂದರು ಅತ್ತೆ. "ಅರ್ಧ ಸಿಕ್ಕಿದ್ರೂ ಸಾಕಾಗೈತೆ ನಂಗೆ."

ಮಾವ ಆ ಅರ್ಧ ರೊಟ್ಟಿ ತಿಂದು, ಕೈ ತೊಳೆದು, ಹಿತ್ತಲಿಗೆ ಹೋದರು. ಬಸ್ಸಿನ ತಲೆಯ ಮೇಲಿಂದ ಒಣಗಿದ ಹೂ ಗುಡಿಸುವ ಸದ್ದು ಕೇಳಿಸಿತು.

ಗುರುಪ್ರಕಾಶ ಮಾತ್ರ ಮನಸ್ಸು ಬದಲಾಯಿಸಲಿಲ್ಲ. ನಾಳೆ ಹೊರಡುವುದೆಂದು ಗೊತ್ತಾದ ಸಂಜೆ ಅವನೇ ನನ್ನ ಹತ್ತಿರ ಬಂದು, "ಅತ್ತಿಗೆ, ಹಳೇ ಸೀರೆ ಇದ್ರೆ ಕೊಡ್ರಿ" ಅಂದ. ಕೆಂಪು ಸೀರೆಯೊಂದನ್ನು ಉದ್ದಕ್ಕೆ ಹರಿದು, ಕಿಟಕಿ ಪಕ್ಕದ್ದು ಬಿಟ್ಟು ಉಳಿದ ಸೀಟಿಗೆಲ್ಲ ಯಾರೂ ಕೂರದ ಹಾಗೆ ಕಟ್ಟಿದ. "ನಾನು ಈಗ್ಲೂ ಬೇಡ ಅಂತೀನಿ. ಆದ್ರೆ ಹೋಗೋದೇ ಆದ್ರೆ ಸರಿಯಾಗಿ ಹೋಗ್ರಿ. ಅವ್ವ, ಎರಡು ಮಾಸ್ಕು. ಕಿಟಕಿ ಮುಚ್ಚಬಾರದು." ಅತ್ತೆ ಅವನ ತಲೆ ಸವರಲು ಕೈ ಎತ್ತಿದರು. ಅವನು ದೂರ ಸರಿದು, ಅಲ್ಲಿಂದಲೇ ನಕ್ಕ.

ಬೆಳಿಗ್ಗೆ ಮಾವ ಅಗರಬತ್ತಿ ಹಚ್ಚಿ, ಸ್ಟೇರಿಂಗಿಗೆ ಕೈ ಮುಗಿದು ಹತ್ತಿದರು. ಅತ್ತೆ ಹಸಿರು ಸೀರೆ ಉಟ್ಟು, ಖಡಕ್ ರೊಟ್ಟಿ, ಶೇಂಗಾಪುಡಿಯ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತರು. ಹಲ್ಲಿಲ್ಲದ ಅಕ್ಕನಿಗೆ ಹಾಲಿನಲ್ಲಿ ನೆನೆಸಿದ ಖಡಕ್ ರೊಟ್ಟಿ ಅಂದರೆ ಪ್ರಾಣ. ಅತ್ತೆ ಬಾಗಿಲ ಹಿಂದಿನ ಕಿಟಕಿಯನ್ನು ನೋಡಿದರು, ಮಾವನನ್ನು ನೋಡಿದರು.

"ಖಾಲಿ ಇರೋವರೆಗೂ ಕೂತ್ಕ" ಅಂದರು ಮಾವ, ಕನ್ನಡಿ ಒರೆಸುತ್ತಾ. ಮದುವೆಯಾದ ಮೇಲೆ ಮೊದಲ ಸಲ.

ಅತ್ತೆಯ ಜೊತೆಗೆ ಅಂತ ಹೊರಟ ನಾನು ಬಾನೆಟ್ಟಿನ ಮೇಲೆ ಕೂತೆ. ಬಸ್ಸು ಕದಲಿತು. ಈ ಸಲ ನಿಜಕ್ಕೂ ಮರಗಳು ಹಿಂದಕ್ಕೆ ಓಡಿದವು. ಅತ್ತೆ ಕಿಟಕಿಯ ಸರಳು ಹಿಡಿದು, ಮಗುವಿನ ಹಾಗೆ ಎಲ್ಲ ನೋಡುತ್ತಿದ್ದರು. ಬಳ್ಳಿಗಾವಿ ಕ್ರಾಸ್ ಬಂದಾಗ ನನ್ನ ಕಡೆ ತಿರುಗಿ, "ಇಲ್ಲಿ ಇಷ್ಟು ದೊಡ್ಡ ಆಲದಮರ ಐತೇನೇ? ನಾನು ನೋಡೇ ಇರ್ಲಿಲ್ಲ" ಅಂದರು. ಮಳೆ ಬಿದ್ದ ಹೊಲಗಳಲ್ಲಿ ಜೋಳದ ಮೊಳಕೆ ಎದ್ದಿತ್ತು. ಶಿರಾಳಕೊಪ್ಪದಲ್ಲಿ ಹತ್ತಿದವರೆಲ್ಲರೂ ಕಿಟಕಿಯಾಚೆ ನೋಡುತ್ತಾ, ಮರೆತುಹೋದ ರಸ್ತೆಯನ್ನು ಮತ್ತೆ ಜ್ಞಾಪಿಸಿಕೊಳ್ಳುತ್ತಿದ್ದ ಹಾಗಿತ್ತು.

ಸೊರಬದಲ್ಲಿ ಬಸ್ಸು ನಿಂತಿತು. ಕಟ್ಟದ ಸೀಟುಗಳೆಲ್ಲ ತುಂಬಿದವು. ಆಮೇಲೆ ಒಬ್ಬ ಹೆಂಗಸು ಓಡುತ್ತಾ ಬಂದಳು, ಕೈಯಲ್ಲಿ ಆಸ್ಪತ್ರೆಯ ಚೀಲ. ಬಾಗಿಲ ಕಂಬಿ ಹಿಡಿದು ಏದುಸಿರು ಬಿಟ್ಟಳು.

"ಸೀಟಿಲ್ಲಮ್ಮ, ನಿಲ್ಲಂಗಿಲ್ಲ" ಅಂದರು ನಮ್ಮ ಯಜಮಾನರು.

"ಹಂಗನ್ಬೇಡಿ ಅಣ್ಣ. ಉಳವಿ ಆಚೆ ಹೋಗ್ಬೇಕು. ಬೇರೆ ಬಸ್ಸೇ ಇಲ್ಲ. ಮನೇಲಿ ಸಣ್ಣ ಮಕ್ಕಳು ಅವೆ" ಅಂದಳು.

ಯಜಮಾನರು ಅಪ್ಪನ ಕಡೆ ನೋಡುವಷ್ಟರಲ್ಲಿ ಅತ್ತೆ ಎದ್ದುಬಿಟ್ಟಿದ್ದರು. ಯಾರೂ ಏಳು ಅನ್ನಲಿಲ್ಲ. ಮೂವತ್ತು ವರ್ಷದ ರೂಢಿ, ಕಾಲು ತಾನೇ ಎದ್ದಿತ್ತು. "ಬಾರಮ್ಮ, ಕೂತ್ಕ" ಅಂತ ಅವಳನ್ನು ಕಿಟಕಿ ಪಕ್ಕ ಕೂರಿಸಿ, ಡಬ್ಬಿ ಎತ್ತಿಕೊಂಡು ಬಂದು ನನ್ನ ಪಕ್ಕ, ಬಾನೆಟ್ಟಿನ ಮೇಲೆ ಕೂತರು. ದಾರಿಗೆ ಬೆನ್ನು ಹಾಕಿ.

ನನಗೆ ಸಿಟ್ಟು ಬಂತು. "ಅತ್ತೆ, ಇನ್ನು ಇಷ್ಟೇ ದೂರ ಇತ್ತಲ್ಲ!"

"ಇಷ್ಟು ನೋಡಿದ್ನಲ್ಲೇ. ಸಾಕು ಬಿಡು" ಅಂದರು. ಗೇರು ಹಾಕುವಾಗ ಮಾವನ ಕೈ ಒಂದು ಗಳಿಗೆ ತಡೆಯಿತು.

ಉಳವಿ ಸ್ಟಾಪಿನ ಕಟ್ಟೆಯ ಮೇಲೆ ಅಕ್ಕ ಕೂತಿದ್ದರು. ಯತೀಶ ಹೇಗೋ ಒಪ್ಪಿಸಿ ಕರೆದುಕೊಂಡು ಬಂದಿದ್ದ. ಎಷ್ಟು ಸಣ್ಣಗಾಗಿದ್ದರು! ಕುಪ್ಪಸದ ತೋಳು ಜೋತುಬಿದ್ದಿತ್ತು. ಬಸ್ಸು ನಿಂತಿದ್ದೇ ಅವರು ಕೋಲೂರಿ ಎದ್ದು, ಹಣೆಗೆ ಕೈ ಅಡ್ಡ ಹಿಡಿದು, ಬೇರೆಲ್ಲೂ ನೋಡದೆ ನೆಟ್ಟಗೆ ಬಾಗಿಲ ಹಿಂದಿನ ಕಿಟಕಿಗೆ ಕಣ್ಣಿಟ್ಟರು. ಅಲ್ಲಿ ಆಸ್ಪತ್ರೆ ಚೀಲದ ಹೆಂಗಸು ಕೂತಿದ್ದಳು.

"ನೋಡ್ದ್ಯನಾ ಯತೀಶ" ಅಂದರು. "ಇವತ್ತೂ ಬರ್ಲಿಲ್ಲ ಅವ್ಳು."

ಅಷ್ಟರಲ್ಲಿ ಅತ್ತೆ ಇಳಿದು ಓಡಿದ್ದರು. "ಅಕ್ಕ! ಬಂದೆ ಅಕ್ಕ, ನಾನೇ!"

ಅಕ್ಕ ಎರಡು ಹೆಜ್ಜೆ ಹಿಂದೆ ಸರಿದರು. ಎದುರಿಗೆ ಎರಡು ಮಾಸ್ಕು, ತಲೆ ತುಂಬ ಸೆರಗು. "ಯಾರೇ ನೀನು? ದೂರ ನಿಲ್ಲೇ ಮಾರಾಯ್ತಿ. ಕಾಯಿಲೆ ಕಾಲ."

ಅತ್ತೆ ಮಾಸ್ಕು ಕೆಳಗೆ ಎಳೆದರು. ಅಕ್ಕನ ಮಬ್ಬುಗಣ್ಣಿಗೆ ಆ ಮುಖವೂ ಯಾರದೋ ಮುಖವೇ. "ನನ್ ತಂಗಿ ಕಿಟಕೀಲಿ ಬರ್ತಾಳೆ. ಅವ್ಳೇ ಹೇಳಿದಾಳೆ ನಂಗೆ" ಅಂತ ಹೇಳಿ, ಯತೀಶನ ಕೈ ಹಿಡಿದು ಮನೆ ಕಡೆ ತಿರುಗಿದರು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಅತ್ತೆ ನಡುರಸ್ತೆಯಲ್ಲಿ ಡಬ್ಬಿ ಹಿಡಿದು ನಿಂತಿದ್ದರು. ಆಮೇಲೆ ತಟ್ಟನೆ ತಿರುಗಿ ಬಸ್ಸು ಹತ್ತಿದರು.

ಹತ್ತಿದವರು ಆ ಸೀಟಿನ ಮುಂದೆ ಬಂದು ನಿಂತುಬಿಟ್ಟರು. ಟಿಕೆಟ್ ತಗೊಂಡು ಕೂತವರನ್ನು ಏಳಿ ಅನ್ನುವುದು ಹೇಗೆ? ಆ ಮಾತು ಅವರು ಜನ್ಮದಲ್ಲಿ ಆಡಿದ್ದಿಲ್ಲ. ಆಚೆ ಅಕ್ಕ ಹೋಗುತ್ತಿದ್ದರು.

"ಮಹಾಂತೇಶ!" ಅಂತ ಮಾವ ಗುಡುಗಿದರು. ಇಡೀ ಬಸ್ಸು ಬೆಚ್ಚಿತು. ತಮ್ಮ ಅಂಗಿ ಜೇಬಿನಿಂದ ನೋಟು ತೆಗೆದು ಮಗನ ಕಡೆ ಚಾಚಿದರು. "ನಿಮ್ಮವ್ವಂಗೆ ಒಂದು ಟಿಕೆಟ್ ಹರಿಯೋ. ಬಾಗಿಲ ಹಿಂದಿನ ಕಿಟಕಿ. ತಂಗೀ, ಒಂದು ಗಳಿಗೆ ಬಿಟ್ಟುಕೊಡಮ್ಮ. ನಿನ್ನ ಮನೆ ಮುಂದೆ ನಿಲ್ಲಿಸಿ ಇಳಿಸ್ತೀನಿ."

ಆ ಹೆಂಗಸು ಆಗಲೇ ಎದ್ದಿದ್ದಳು. ಅತ್ತೆ ಕೂತರು. ಬಳೆ ತೊಟ್ಟ ಕೈಯನ್ನು ಕಿಟಕಿಯಿಂದ ಆಚೆ ಪೂರ್ತಿ ಚಾಚಿ, ಗಂಟಲು ಹರಿಯುವಂತೆ ಕೂಗಿದರು.

"ಅಕ್ಕಾ! ಉಳವಿ ಬಂತೇನೇ?"

ಅಕ್ಕ ನಿಂತರು. ತಿರುಗಿದರು. ಹಣೆಗೆ ಕೈ ಹಿಡಿದು ನೋಡಿದರು. ಕಿಟಕಿ, ಕಿಟಕಿಯಲ್ಲಿ ಒಂದು ಮುಖ, ಆಚೆ ಬೀಸುವ ಒಂದು ಕೈ. ಕೋಲನ್ನು ಯತೀಶನ ಕೈಗೆ ತುರುಕಿ ಆ ಜೀವ ಬಸ್ಸಿನ ಕಡೆ ಓಡೋಡಿ ಬಂತು.

"ಬಂತು, ಬಂತು, ಇಳಿಯೇ! ಹೊರಟುಬಿಡ್ತದೆ ಅದು!"

ಮಾವ ಎಂಜಿನ್ ಬಂದ್ ಮಾಡಿದರು. ಅತ್ತೆ ಇಳಿದು ಬಂದರು. ಅಕ್ಕ ಎರಡೂ ಕೈಯಲ್ಲಿ ಅವರ ಗಲ್ಲ ಹಿಡಿದು, ಅಳುತ್ತಲೇ ಬೈದರು.

"ಎಷ್ಟು ಹೊತ್ತೇ ಜಗ್ಗಿ! ಸೊರಬದಲ್ಲೇ ನಿಂತಿತ್ತನೇ ಇಷ್ಟು ದಿನ?"

"ಹೂಂ ಅಕ್ಕ" ಅಂದರು ನಮ್ಮತ್ತೆ. "ಈಗ ಬಿಟ್ರು."